ಬ್ರೇಕ್ ಅಪ್‌ಗ್ರೇಡ್ ಮಾಡಿಸ್ಬೇಕಾ? ಉತ್ತರ 1953ರಲ್ಲಿದೆ

1/9

ಕಳೆದ ವಾರ ನಮ್ಮ ಬ್ಯಾಚಿನ ಗೆಳೆಯನೊಬ್ಬ ರಾತ್ರಿ ಹನ್ನೊಂದೂವರೆಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಊಟದ ತಟ್ಟೆಯಷ್ಟು ದೊಡ್ಡ ಡಿಸ್ಕ್, ಆರು ಪಿಸ್ಟನ್ನಿನ ಕೆಂಪು ಕ್ಯಾಲಿಪರ್. ಕೆಳಗೆ ಬೆಲೆ, ಒಂದೂವರೆ ಲಕ್ಷ.

"ಮಗಾ, ಅಣ್ಣ ತಗೊಂಡಿರೋ ಸ್ಪೋರ್ಟ್ಸ್ ಕಾರಿಗೆ ಇದನ್ನ ಹಾಕಿಸೋಣ ಅಂತಿದೀವಿ. ನನ್ನ ಇಂಟರ್ನ್‌ಶಿಪ್ ದುಡ್ಡೂ ಸೇರಿಸ್ತೀನಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೇ?"

ಕಾರು ಸೆಕೆಂಡ್ ಹ್ಯಾಂಡ್, ಎರಡು ಬಾಗಿಲಿನದು. ವಾರಕ್ಕೊಮ್ಮೆ ಅಣ್ಣತಮ್ಮ ಇಬ್ರೂ ಅದರಲ್ಲಿ ಘಾಟಿ ಹತ್ತಿ ಇಳೀತಾರೆ. ಅವನ ಮಾತಲ್ಲಿ ಸುಮ್ಮನೆ ಶೋಕಿ ಇರಲಿಲ್ಲ. "ಹೋದ ಸಲ ಇಳೀವಾಗ ಬ್ರೇಕ್ ಸರಿ ಹಿಡೀಲಿಲ್ಲ ಕಣೋ, ಭಯ ಆಯ್ತು" ಅಂತಾನೂ ಬರೆದಿದ್ದ.

"ಹಾಕ್ಸು ಮಗಾ, ಬೆಂಕಿ" ಅಂತ ಟೈಪ್ ಮಾಡಿದೆ. ಅಳಿಸಿದೆ.

ಯಾಕಂದ್ರೆ ಈ ಪ್ರಶ್ನೆ ಹೊಸದಲ್ಲ. ಸುಮಾರು 70 ವರ್ಷದ ಹಿಂದೆ ಯುರೋಪಿನ ರೇಸ್ ಟೀಮುಗಳು ಇದೇ ಪ್ರಶ್ನೆ ಇಟ್ಕೊಂಡು ಜಗಳ ಆಡಿದ್ವು. ಕೆಲವರು ಗೆದ್ರು, ಕೆಲವರು ಸೋತ್ರು, ಕೆಲವರು ಮನೆಗೆ ವಾಪಸ್ ಬರಲೇ ಇಲ್ಲ. ಆ ಕಥೆ ಪೂರ್ತಿ ಗೊತ್ತಾದ್ರೆ ಈ ಒಂದೂವರೆ ಲಕ್ಷದ ಪ್ರಶ್ನೆಗೆ ಉತ್ತರ ತಾನಾಗೇ ಸಿಗುತ್ತೆ.

ಹಾಗಾಗಿ ಈ ಸಲದ ಸರಣಿ ಬ್ರೇಕ್ ಬಗ್ಗೆ. ಒಂಬತ್ತು ಭಾಗ. ಚಹಾ ಇಟ್ಕೊಂಡು ಕೂತ್ಕೊಳ್ಳಿ.

2/9

ಮೊದಲು ಒಂದು ಮೂಲ ವಿಷಯ. ಬ್ರೇಕ್ ಏನು ಮಾಡುತ್ತೆ?

"ಕಾರು ನಿಲ್ಲಿಸುತ್ತೆ" ಅಂತೀರಾ? ಅರ್ಧ ಸರಿ. ಬ್ರೇಕಿನ ಅಸಲಿ ಕೆಲಸ ಓಟವನ್ನ ಶಾಖ ಮಾಡೋದು. 1,200 ಕೆಜಿ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗ್ತಿದೆ ಅಂದ್ಕೊಳ್ಳಿ. ಒಂದು ಸಲ ಪೂರ್ತಿ ನಿಲ್ಲಿಸಿದ್ರೆ ಹೊರಬರೋ ಶಾಖದಲ್ಲಿ ಸುಮಾರು ಒಂದೂವರೆ ಲೀಟರ್ ನೀರು ಕುದಿಯೋ ಮಟ್ಟಕ್ಕೆ ಬರುತ್ತೆ. ಕೆಲವೇ ಸೆಕೆಂಡಿನಲ್ಲಿ! ವೇಗ ಎರಡರಷ್ಟಾದ್ರೆ ಶಾಖ ನಾಲ್ಕರಷ್ಟು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಚಲನ ಶಕ್ತಿಯ ಸೂತ್ರ ನೆನಪಿದೆಯಲ್ಲ, ಅದೇ ಇದು.

ಶಾಖ ಎಲ್ಲಿಗಾದ್ರೂ ಹೋಗ್ಲೇಬೇಕು. ಬ್ರೇಕಿನ ಇತಿಹಾಸ ಅಂದ್ರೆ ಆ ಶಾಖಕ್ಕೆ ದಾರಿ ಹುಡುಕಿದ ಇತಿಹಾಸ.

1902ರಲ್ಲಿ ಇಂಗ್ಲೆಂಡಿನ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡ. ಹೌದು, 1902! ತೆಳು ಲೋಹದ ತಟ್ಟೆ, ಎರಡೂ ಕಡೆಯಿಂದ ಅದನ್ನ ಹಿಡಿಯೋ ಪ್ಯಾಡು. ಐಡಿಯಾ ಸರಿಯಾಗೇ ಇತ್ತು. ಆದ್ರೆ ಆ ಕಾಲಕ್ಕೆ ಒಳ್ಳೇ ಪ್ಯಾಡ್ ಇರಲಿಲ್ಲ. ತಾಮ್ರದ ಪ್ಯಾಡು ಕಿರುಚ್ತಿತ್ತು, ಬೇಗ ಸವೀತಿತ್ತು. ಮೇಲಾಗಿ ಅವತ್ತಿನ ಮಣ್ಣು ರಸ್ತೆಯ ಧೂಳು, ಕೆಸರು.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕ್ ಬಳಸಿದ. ಮುಚ್ಚಿದ ಡಬ್ಬಿ, ಒಳಗಡೆ ಬಾಗಿದ ಎರಡು ಶೂ, ಅವುಗಳ ಮೇಲೆ ಲೈನರ್. ಧೂಳು ಒಳಗೆ ಹೋಗಲ್ಲ, ಕಡಿಮೆ ಬಲ ಹಾಕಿದ್ರೂ ಚೆನ್ನಾಗಿ ಹಿಡಿಯುತ್ತೆ. ಮುಂದಿನ 50 ವರ್ಷ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕಾರೂ ಡ್ರಮ್ಮಿನ ಮೇಲೇ ಓಡಿದ್ವು. ಇವತ್ತಿಗೂ ಎಷ್ಟೋ ಕಾರು, ಸ್ಕೂಟರುಗಳ ಹಿಂದಿನ ಚಕ್ರದಲ್ಲಿ ಅದೇ ಇದೆ.

ಸಮಸ್ಯೆ ಒಂದೇ. ಮುಚ್ಚಿದ ಡಬ್ಬಿಯೊಳಗಿನ ಶಾಖ ಹೊರಗೆ ಬರೋದು ಕಷ್ಟ.

3/9

ಡ್ರಮ್ ಬಿಸಿಯಾದ್ರೆ ಏನಾಗುತ್ತೆ? ಎರಡು ಕೆಟ್ಟ ಕೆಲಸ ಒಟ್ಟಿಗೆ ಆಗುತ್ತೆ.

ಒಂದು, ಲೈನರ್ ಹಿಡಿತ ಕಳ್ಕೊಳ್ಳುತ್ತೆ. ಎರಡು, ಕಾದ ಡ್ರಮ್ ಹಿಗ್ಗುತ್ತೆ, ಅಂದ್ರೆ ಶೂನಿಂದ ದೂರ ಸರಿಯುತ್ತೆ. ಪೆಡಲ್ ಇನ್ನೂ ಕೆಳಗೆ ಒತ್ತಬೇಕು. ಇದಕ್ಕೆ ಫೇಡ್ ಅಂತಾರೆ. ಡಿಸ್ಕ್ ಬಿಸಿಯಾದ್ರೆ ಸ್ವಲ್ಪ ದಪ್ಪ ಆಗುತ್ತೆ, ಅಂದ್ರೆ ಪ್ಯಾಡಿನ ಕಡೆಗೇ ಬರುತ್ತೆ. ಅದೂ ಬಯಲಲ್ಲಿ, ಗಾಳಿಗೆ ಮೈಯೊಡ್ಡಿಕೊಂಡು ತಿರುಗ್ತಿರುತ್ತೆ.

ಆದ್ರೆ ಡಿಸ್ಕ್ ಇದ್ರೆ ಫೇಡ್ ಆಗೋದೇ ಇಲ್ವಾ? ಆಗುತ್ತೆ. ನನಗೆ ಆಗಿದೆ.

ಎರಡು ವರ್ಷದ ಹಿಂದೆ, ಡಿಸೆಂಬರ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಸೋದರಮಾವನ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳೀತಿದ್ವಿ. ಸ್ಟೇರಿಂಗ್ ನನ್ನ ಕೈಲಿ. ಜಾಣನ ಹಾಗೆ ಮೇಲಿನ ಗೇರಿನಲ್ಲೇ ಇಟ್ಟು, ತಿರುವು ತಿರುವಿಗೂ ಬ್ರೇಕ್ ಒತ್ಕೊಂಡು ಬಂದೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ಆಮೇಲೆ ಪೆಡಲ್ ಹತ್ತಿ ದಿಂಬಿನ ಹಾಗೆ ಮೆತ್ತಗಾಯ್ತು. ಮುಂದಿನ ತಿರುವಿನಲ್ಲಿ ಒತ್ತಿದ್ರೆ ನೆಲ ಮುಟ್ತು. ಎದುರಿಗೆ ಮೇಲೆ ಹತ್ತಿ ಬರ್ತಿದ್ದ ಬಸ್ಸು.

"ಗೇರ್ ಇಳಿಸೋ!" ಅಂತ ಮಾವ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಎರಡನೇ ಗೇರು, ಮೊದಲನೇ ಗೇರು, ಹ್ಯಾಂಡ್ ಬ್ರೇಕು. ಪಕ್ಕದ ಮಣ್ಣಿಗೆ ಇಳಿಸಿ ನಿಂತ್ಕೊಂಡ್ವಿ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

ಮಾರನೇ ದಿನ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡಿ ಕೇಳಿದ: "ಏನ್ ಸಾರ್, ಇದು ಬ್ರೇಕ್ ಆಯಿಲಾ, ಕಾಫಿ ಡಿಕಾಕ್ಷನ್ನಾ?" ವರ್ಷಗಟ್ಟಲೆ ಯಾರೂ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರ್ಕೊಳ್ಳುತ್ತೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಅದೇ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತೆ. ಕುದ್ದಾಗ ಪೈಪಿನೊಳಗೆ ಆವಿಯ ಗುಳ್ಳೆ ಆಗುತ್ತೆ. ನೀವು ಪೆಡಲ್ ಒತ್ತಿದ್ರೆ ಒತ್ತಡ ಪ್ಯಾಡಿಗೆ ಹೋಗಲ್ಲ, ಗುಳ್ಳೆ ಕುಗ್ಗಿಸೋದ್ರಲ್ಲೇ ಮುಗಿದುಹೋಗುತ್ತೆ.

ರಿಪೇರಿ ಖರ್ಚು ಸಾವಿರ ರೂಪಾಯಿ ಒಳಗೆ. ಇದನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

4/9

ಈಗ 1952ಕ್ಕೆ ಹೋಗೋಣ.

ಜಾಗ್ವಾರ್ ಕಂಪನಿ ಹಿಂದಿನ ವರ್ಷವಷ್ಟೇ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದಿತ್ತು, ಡ್ರಮ್ ಬ್ರೇಕಿನ ಸಿ-ಟೈಪ್ ಕಾರಿನಲ್ಲಿ. ಡನ್‌ಲಪ್ ಕಂಪನಿ ಅಷ್ಟರಲ್ಲಾಗಲೇ ವಿಮಾನಗಳಿಗೆ ಡಿಸ್ಕ್ ಬ್ರೇಕ್ ಮಾಡ್ತಿತ್ತು. ಇಬ್ಬರೂ ಸೇರಿ ಅದನ್ನ ಕಾರಿಗೆ ತರೋಕೆ ಹೊರಟ್ರು. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಸಾವಿರಾರು ಕಿಲೋಮೀಟರ್ ಓಡಿಸಿ ಓಡಿಸಿ ತಪ್ಪು ಹುಡುಕಿದ. ವಿಮಾನ ಇಳಿದಾಗ ಒಂದು ಸಲ ಬ್ರೇಕ್ ಹಾಕಿದ್ರೆ ಮುಗೀತು, ಆರೋಕೆ ಬೇಕಾದಷ್ಟು ಹೊತ್ತು ಇರುತ್ತೆ. ರೇಸ್ ಕಾರು ನಿಮಿಷ ನಿಮಿಷಕ್ಕೂ ಬ್ರೇಕ್ ಹಾಕುತ್ತೆ. ಆಯಿಲ್ ಕುದಿಯೋದು, ಚಕ್ರ ಅಲುಗಿ ಪ್ಯಾಡು ಹಿಂದೆ ಸರಿಯೋದು, ಹೀಗೆ ಒಂದಾದ ಮೇಲೊಂದು ಕಾಟ.

1952ರ ಮೇ ತಿಂಗಳು, ಇಟಲಿಯ ಮಿಲ್ಲೆ ಮಿಲ್ಯಾ ರೇಸ್. ಸಾವಿರ ಮೈಲಿ, ಅದೂ ಸಾಮಾನ್ಯ ರಸ್ತೆಗಳಲ್ಲಿ. ಡಿಸ್ಕ್ ಬ್ರೇಕಿನ ಸಿ-ಟೈಪಿನಲ್ಲಿ ಸ್ಟರ್ಲಿಂಗ್ ಮಾಸ್, ಪಕ್ಕದಲ್ಲಿ ಡ್ಯೂಯಿಸ್. ಗೆಲ್ಲಲಿಲ್ಲ. ಬೇರೆ ತೊಂದರೆಯಿಂದ ಮಧ್ಯದಲ್ಲೇ ಹೊರಬಿದ್ರು. ಆದ್ರೆ ಜೂನ್ 29ರಂದು ಫ್ರಾನ್ಸಿನ ರಾನ್ಸ್‌ನಲ್ಲಿ ಮಾಸ್ ಅದೇ ಸಿ-ಟೈಪ್ ಮಾದರಿಯಲ್ಲಿ ಗೆದ್ದ. ಡಿಸ್ಕ್ ಬ್ರೇಕಿನ ಕಾರಿನ ಮೊದಲ ದೊಡ್ಡ ಗೆಲುವು ಅದು.

ಇದರ ನಡುವೆ ಒಂದು ತಮಾಷೆ ಆಯ್ತು. ತಮಾಷೆ ಅನ್ನೋದಕ್ಕಿಂತ ಪಾಠ. ಮಿಲ್ಲೆ ಮಿಲ್ಯಾದಲ್ಲಿ ಮರ್ಸಿಡಿಸ್ ಕಾರುಗಳ ವೇಗ ನೋಡಿ ಮಾಸ್ ಹೆದರಿದ. ಲೆ ಮಾನ್ಸ್‌ಗೆ ಇನ್ನೂ ವೇಗ ಬೇಕು ಅಂತ ಜಾಗ್ವಾರ್‌ಗೆ ಹೇಳಿದ. ಕಂಪನಿ ಗಡಿಬಿಡಿಯಲ್ಲಿ ಗಾಳಿ ಸೀಳೋ ಉದ್ದ ಮೂತಿಯ ಹೊಸ ಬಾಡಿ ಕೂರಿಸ್ತು. ಸರಿಯಾಗಿ ಪರೀಕ್ಷೆ ಮಾಡೋಕೆ ಟೈಮ್ ಇರಲಿಲ್ಲ. 1952ರ ಲೆ ಮಾನ್ಸ್‌ನಲ್ಲಿ ಏನಾಯ್ತು ಗೊತ್ತಾ? ಎಂಜಿನ್ ಬಿಸಿಯಾಗಿ ಮೂರಕ್ಕೆ ಮೂರೂ ಜಾಗ್ವಾರ್ ಮನೆಗೆ ಹೋದ್ವು.

ಭಯದಲ್ಲಿ ಮಾಡಿದ ಅಪ್‌ಗ್ರೇಡು. ಇಲ್ಲದ ಸಮಸ್ಯೆ ಸರಿ ಮಾಡೋಕೆ ಹೋಗಿ, ಹೊಸದೊಂದು ತಂದ್ಕೊಂಡ್ರು.

5/9

1953ರ ಜೂನ್ 13. ಮತ್ತೆ ಲೆ ಮಾನ್ಸ್.

ಈ ಸಲ ಜಾಗ್ವಾರ್ ಹಳೇ ಆಕಾರದ ಬಾಡಿಗೇ ವಾಪಸ್ ಬಂತು. ಕಾರಿನ ತೂಕ ಇಳಿಸಿದ್ರು. ನಾಲ್ಕೂ ಚಕ್ರಕ್ಕೆ ಡನ್‌ಲಪ್ ಡಿಸ್ಕ್ ಹಾಕಿದ್ರು.

ಆ ಟ್ರ್ಯಾಕಿನ ನಕ್ಷೆ ಕಣ್ಮುಂದೆ ತಂದ್ಕೊಳ್ಳಿ. ಒಂದು ಸುತ್ತು ಸುಮಾರು 13.5 ಕಿ.ಮೀ. ಅದರಲ್ಲಿ ಮುಲ್ಸಾನ್ ಅನ್ನೋ ನೇರ ರಸ್ತೆಯೇ ಸುಮಾರು 6 ಕಿ.ಮೀ. ಕಾರುಗಳು ಗಂಟೆಗೆ 240 ಕಿ.ಮೀ. ಆಸುಪಾಸಿನಲ್ಲಿ ಬಂದು, ಆ ರಸ್ತೆ ಮುಗಿಯೋ ಕಡೆ ಇರೋ ಬಿಗಿ ತಿರುವಿಗೆ ಏಕ್‌ದಂ ನಿಧಾನ ಆಗ್ಬೇಕು. ಇದು ಒಂದು ಸಲ ಅಲ್ಲ. ಗೆಲ್ಲೋ ಕಾರು 24 ಗಂಟೆಯಲ್ಲಿ 300ಕ್ಕೂ ಹೆಚ್ಚು ಸಲ ಅದನ್ನೇ ಮಾಡ್ಬೇಕು. ರಾತ್ರಿ, ಮಂಜು, ಬೆಳಗಿನ ಜಾವದ ನಿದ್ದೆಗಣ್ಣು, ಎಲ್ಲದರ ನಡುವೆ.

ಡ್ರಮ್ ಬ್ರೇಕಿನ ಡ್ರೈವರುಗಳು ಏನು ಮಾಡ್ತಿದ್ರು? ಬ್ರೇಕನ್ನ ಉಳಿಸ್ತಿದ್ರು. ಬೇಗನೇ ಕಾಲು ತೆಗೆದು, ಮೆಲ್ಲಗೆ ಒತ್ತಿ, ಕೊನೆಯ ಗಂಟೆವರೆಗೆ ಸ್ವಲ್ಪ ಹಿಡಿತ ಬಾಕಿ ಇರೋ ಹಾಗೆ ನೋಡ್ಕೋತಿದ್ರು. ಜಾಗ್ವಾರ್ ಡ್ರೈವರುಗಳು ಮಾತ್ರ ಪ್ರತಿ ಸುತ್ತಿನಲ್ಲೂ ತಡವಾಗಿ, ಗಟ್ಟಿಯಾಗಿ ಬ್ರೇಕ್ ಹಾಕ್ತಾ ಬಂದ್ರು.

ಅಮೆರಿಕದ ಕನಿಂಗ್‌ಹ್ಯಾಮ್ ಕಾರು ನೇರ ರಸ್ತೆಯಲ್ಲಿ ಜಾಗ್ವಾರ್‌ಗಿಂತ ವೇಗ. ದೊಡ್ಡ ಎಂಜಿನ್, ಭಾರಿ ಗಾತ್ರದ ಡ್ರಮ್ ಬ್ರೇಕು. ಅದು ಮೂರನೇ ಸ್ಥಾನಕ್ಕೆ ಬಂತು. ಜಾಗ್ವಾರ್‌ಗಳು ಮೊದಲನೇ, ಎರಡನೇ ಮತ್ತು ನಾಲ್ಕನೇ ಸ್ಥಾನಕ್ಕೆ. ಗೆದ್ದ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಅವರ ಸರಾಸರಿ ವೇಗ ಗಂಟೆಗೆ 170 ಕಿ.ಮೀ. ಲೆ ಮಾನ್ಸ್ ಇತಿಹಾಸದಲ್ಲಿ ಸರಾಸರಿ 100 ಮೈಲಿ ದಾಟಿದ್ದು ಅದೇ ಮೊದಲು.

ಈ ಸಾಲಿಗೆ ಗೆರೆ ಎಳ್ಕೊಳ್ಳಿ: ಡಿಸ್ಕ್ ಬ್ರೇಕ್ ಗೆದ್ದಿದ್ದು ಒಂದು ಸಲ ಚೆನ್ನಾಗಿ ನಿಲ್ಲಿಸಿದ್ದಕ್ಕಲ್ಲ. ಮುನ್ನೂರನೇ ಸಲವೂ ಮೊದಲನೇ ಸಲದ ಹಾಗೇ ನಿಲ್ಲಿಸಿದ್ದಕ್ಕೆ.

6/9

"ಹಾಗಾದ್ರೆ ಡಿಸ್ಕ್ ಇಲ್ದಿದ್ರೆ ಸೋಲೇ ಗತಿ" ಅಂತ ಅನ್ಕೊಂಡ್ರಾ? ನಿಲ್ಲಿ.

1955ರ ಮಿಲ್ಲೆ ಮಿಲ್ಯಾ. ಅದೇ ಸ್ಟರ್ಲಿಂಗ್ ಮಾಸ್, ಪಕ್ಕದಲ್ಲಿ ದಾರಿ ಹೇಳೋಕೆ ಪತ್ರಕರ್ತ ಡೆನಿಸ್ ಜೆಂಕಿನ್ಸನ್. ಕಾರು ಮರ್ಸಿಡಿಸ್ 300 ಎಸ್‌ಎಲ್‌ಆರ್. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಸಾವಿರ ಮೈಲಿ ಮುಗಿಸಿ ಗೆದ್ರು. ಅದರ ಬ್ರೇಕು? ಡ್ರಮ್! ಜೆಂಕಿನ್ಸನ್ ಮುಂಚೆಯೇ ರಸ್ತೆಯ ಪ್ರತಿ ತಿರುವನ್ನೂ ಉದ್ದನೆಯ ಕಾಗದದ ಸುರುಳಿಯಲ್ಲಿ ಬರ್ಕೊಂಡಿದ್ದ. ಮುಂದೆ ಏನಿದೆ ಅಂತ ಗೊತ್ತಿದ್ರೆ ಬ್ರೇಕ್ ಎಲ್ಲಿ ಹಾಕ್ಬೇಕು ಅನ್ನೋದೂ ಗೊತ್ತಿರುತ್ತೆ.

ಅದೇ ವರ್ಷ ಜೂನ್ 11ರಂದು ಲೆ ಮಾನ್ಸ್‌ನಲ್ಲಿ ನಡೆದದ್ದನ್ನ ಬರೆಯೋದು ಕಷ್ಟ. ಮರ್ಸಿಡಿಸ್ ಅಲ್ಲೂ ಡ್ರಮ್ಮಿನಲ್ಲೇ ಬಂದಿತ್ತು. ಸಹಾಯಕ್ಕೆ ಡ್ರೈವರ್ ಬೆನ್ನ ಹಿಂದೆ ಮೇಲೇಳೋ ದೊಡ್ಡ ಹಲಗೆ ಇತ್ತು, ಗಾಳಿಗೆ ಅಡ್ಡ ನಿಂತು ಕಾರು ನಿಧಾನ ಮಾಡೋಕೆ. ಎದುರಾಳಿ ಜಾಗ್ವಾರ್ ಡಿ-ಟೈಪ್, ಡಿಸ್ಕ್ ಬ್ರೇಕ್, ಡ್ರೈವರ್ ಮೈಕ್ ಹಾಥಾರ್ನ್.

ಹಾಥಾರ್ನ್ ನಿಧಾನದ ಆಸ್ಟಿನ್-ಹೀಲಿ ಕಾರೊಂದನ್ನ ಹಿಂದೆ ಹಾಕಿ, ಪಿಟ್‌ಗೆ ಹೋಗೋಕೆ ಬಲಕ್ಕೆ ಬಂದು ಬ್ರೇಕ್ ಹಾಕಿದ. ಆಗ ಪಿಟ್‌ಗೂ ಟ್ರ್ಯಾಕಿಗೂ ನಡುವೆ ಗೋಡೆಯೇ ಇರಲಿಲ್ಲ. ಆಸ್ಟಿನ್-ಹೀಲಿಯ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳೋಕೆ ಎಡಕ್ಕೆ ಸರಿದ. ಹಿಂದೆ ಪೂರ್ತಿ ವೇಗದಲ್ಲಿ ಪಿಯರ್ ಲವೆಯ ಮರ್ಸಿಡಿಸ್. ಮ್ಯಾಕ್ಲಿನ್ ಕಾರಿನ ಹಿಂಭಾಗ ಹತ್ತಿ ಹಾರಿತು, ಅದರ ತುಂಡುಗಳು ಪ್ರೇಕ್ಷಕರ ಮೇಲೆ ಬಿದ್ದವು. ಲವೆ ಸತ್ತ. 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ರೇಸ್ ನಿಲ್ಲಲಿಲ್ಲ. ಮುಂದೆ ಇದ್ದ ಮರ್ಸಿಡಿಸ್ ಟೀಮ್ ಆ ರಾತ್ರಿಯೇ ಹಿಂದೆ ಸರಿಯಿತು. ಗೆದ್ದಿದ್ದು ಹಾಥಾರ್ನ್ ಕಾರು.

ತನಿಖೆ ಯಾವ ಡ್ರೈವರ್ ಮೇಲೂ ತಪ್ಪು ಹೊರಿಸಲಿಲ್ಲ. ಹಳೇ ಕಾಲದ ಕಿರಿದಾದ ಟ್ರ್ಯಾಕಿನಲ್ಲಿ ಹೊಸ ಕಾಲದ ವೇಗ, ಅದೇ ದೊಡ್ಡ ಕಾರಣ. ಬ್ರೇಕ್ ಒಂದೇ ಕಾರಣ ಅಂತ ನಾನೂ ಹೇಳಲ್ಲ. ಮ್ಯಾಕ್ಲಿನ್ ಕಾರಿಗೂ ಡಿಸ್ಕ್ ಇತ್ತು. ಆದ್ರೆ ಒಂದು ಮಾತು ಮನಸಲ್ಲಿ ಉಳೀತು. ನಿಮ್ಮ ಬ್ರೇಕ್ ಎಷ್ಟು ಚುರುಕಾಗಿದ್ರೂ ನಿಮ್ಮ ಹಿಂದೆ ಬರೋನಿಗೆ ಅದು ಗೊತ್ತಿರಲ್ಲ. ರಸ್ತೆಯಲ್ಲಿ ನಿಮ್ಮ ಕಾರೊಂದೇ ಇರಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಸಿಟ್ರೋಯೆನ್ ಡಿಎಸ್ ಅನ್ನೋ ಕಾರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕ್ಕೊಂಡು ಪ್ಯಾರಿಸ್‌ನಲ್ಲಿ ಬಿಡುಗಡೆ ಆಯ್ತು. ಮರುವರ್ಷ ಟ್ರಯಂಫ್ ಟಿಆರ್3. ಡಿಸ್ಕ್ ರೇಸಿನಿಂದ ಬೀದಿಗೆ ಇಳೀತು.

7/9

ಈಗ ಇಡೀ ಸರಣಿಯಲ್ಲಿ ನನಗೆ ತುಂಬಾ ಕಾಡಿದ ಕಥೆ.

ಎಲ್ರೂ ಡಿಸ್ಕಿಗೆ ಬಂದ್ರೂ ಒಬ್ಬ ಮಾತ್ರ ಬರಲಿಲ್ಲ. ಎಂಜೊ ಫೆರಾರಿ. 1958ರಲ್ಲೂ ಅವನ ಫಾರ್ಮುಲಾ ಒನ್ ಕಾರುಗಳು ಡ್ರಮ್ಮಿನ ಮೇಲೇ ಓಡ್ತಿದ್ವು. ಹಟ ಅಂತ ಸುಮ್ಮನೆ ತಳ್ಳಿಹಾಕೋಕೂ ಆಗಲ್ಲ. ಅದೇ ವರ್ಷ ಡ್ರಮ್ ಬ್ರೇಕಿನ ಫೆರಾರಿಯೇ ಲೆ ಮಾನ್ಸ್ ಗೆದ್ದಿತ್ತು!

ಆದ್ರೆ ಗ್ರ್ಯಾನ್ ಪ್ರಿಯಲ್ಲಿ ಎದುರಿಗಿದ್ದದ್ದು ಡಿಸ್ಕ್ ಬ್ರೇಕಿನ ವ್ಯಾನ್‌ವಾಲ್ ಕಾರುಗಳು. ಫೆರಾರಿ ಟೀಮಿನಲ್ಲಿ ಇಬ್ಬರು ಇಂಗ್ಲಿಷ್ ಗೆಳೆಯರು, ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್. ಎಷ್ಟು ದೋಸ್ತಿ ಅಂದ್ರೆ ನಮ್ಮ ಹಾಸ್ಟೆಲ್ ರೂಮ್‌ಮೇಟ್‌ಗಳ ಥರ. ಕಾಲಿನ್ಸ್ ತನ್ನ ಸ್ವಂತ ಓಡಾಟದ ಫೆರಾರಿ 250 ಜಿಟಿ ಕಾರಿಗೆ ಇಂಗ್ಲೆಂಡಿನಲ್ಲಿ ಡನ್‌ಲಪ್ ಡಿಸ್ಕ್ ಹಾಕಿಸಿಕೊಂಡಿದ್ದ. ಅಂದ್ರೆ ಫೆರಾರಿಯ ಡ್ರೈವರ್ ತನ್ನ ಫೆರಾರಿಯ ಬ್ರೇಕನ್ನ ತಾನೇ ಅಪ್‌ಗ್ರೇಡ್ ಮಾಡಿಸ್ಕೊಂಡಿದ್ದ. ನಮ್ಮ ಗೆಳೆಯನ ಪ್ರಶ್ನೆಯ ಹಳೇ ರೂಪ ಇದು.

1958ರ ಆಗಸ್ಟ್ 3, ಜರ್ಮನಿಯ ನೂರ್ಬರ್ಗ್‌ರಿಂಗ್. ಟೋನಿ ಬ್ರೂಕ್ಸ್‌ನ ವ್ಯಾನ್‌ವಾಲ್ ಕಾರನ್ನ ಬೆನ್ನಟ್ಟುವಾಗ ಕಾಲಿನ್ಸ್ ಒಂದು ತಿರುವಿನಲ್ಲಿ ಟ್ರ್ಯಾಕ್ ಬಿಟ್ಟು ಹೋದ. ಹಿಂದೆಯೇ ಬರ್ತಿದ್ದ ಹಾಥಾರ್ನ್ ಅದನ್ನ ಕಣ್ಣಾರೆ ನೋಡಿದ. ಕಾಲಿನ್ಸ್ ಅವತ್ತೇ ತೀರಿಕೊಂಡ. ವಯಸ್ಸು 26.

ಆಮೇಲೆ ಹಾಥಾರ್ನ್ ಡಿಸ್ಕ್ ಬ್ರೇಕಿಗೆ ಪಟ್ಟು ಹಿಡಿದ. ಸೆಪ್ಟೆಂಬರಿನ ಮೊಂಜಾ ರೇಸಿಗೆ ಅವನ ಕಾರಿಗೆ ಡಿಸ್ಕ್ ಬಂತು. ಎಲ್ಲಿಂದ ಗೊತ್ತಾ? ಸತ್ತ ಗೆಳೆಯನ 250 ಜಿಟಿ ಕಾರಿನಿಂದ ಬಿಚ್ಚಿ ತೆಗೆದದ್ದು.

ಮೊಂಜಾದಲ್ಲಿ ಎರಡನೇ ಸ್ಥಾನ. ಅಕ್ಟೋಬರ್ 19ರಂದು ಮೊರಾಕೊದ ಕಾಸಾಬ್ಲಾಂಕಾದಲ್ಲಿ ಮತ್ತೆ ಎರಡನೇ ಸ್ಥಾನ. ವರ್ಷದ ಲೆಕ್ಕ: ಹಾಥಾರ್ನ್ 42, ಮಾಸ್ 41. ಒಂದೇ ಅಂಕದಲ್ಲಿ ಹಾಥಾರ್ನ್ ವಿಶ್ವ ಚಾಂಪಿಯನ್.

ಆ ಒಂದು ಅಂಕ ಬ್ರೇಕ್ ಕೊಟ್ಟಿದ್ದಾ? ಗೆರೆ ಎಳೆದು ಹೇಳೋಕಾಗಲ್ಲ. ಯಾಕಂದ್ರೆ ಆಗಸ್ಟ್ ಕೊನೆಯ ಪೋರ್ಚುಗಲ್ ರೇಸಿನಲ್ಲಿ ಹಾಥಾರ್ನ್ ಮೇಲೆ ಉಲ್ಟಾ ದಿಕ್ಕಿನಲ್ಲಿ ಓಡಿಸಿದ ಅಂತ ದೂರು ಬಂದಾಗ, ಅವನ ಪರವಾಗಿ ಸಾಕ್ಷಿ ಹೇಳಿ ಅಂಕ ಉಳಿಸಿಕೊಟ್ಟವನು ಎದುರಾಳಿ ಮಾಸ್! ಚಾಂಪಿಯನ್ ಪಟ್ಟದ ಹಿಂದೆ ಡಿಸ್ಕ್ ಬ್ರೇಕೂ ಇತ್ತು, ಒಬ್ಬ ಸಜ್ಜನನ ಮಾತೂ ಇತ್ತು.

ಮುಂದಿನ ವರ್ಷದಿಂದ ಫೆರಾರಿ ರೇಸ್ ಕಾರುಗಳಿಗೆ ಡಿಸ್ಕ್ ಬ್ರೇಕ್ ಬಂತು.

8/9

ಕಥೆ ಅಲ್ಲಿಗೇ ಮುಗಿದಿದ್ರೆ "ಹಾಕ್ಸು ಮಗಾ" ಅಂತ ಹೇಳಿ ಸುಮ್ನಾಗ್ತಿದ್ದೆ.

ಚಾಂಪಿಯನ್ ಆದ ಹಾಥಾರ್ನ್ ರೇಸಿಗೆ ನಿವೃತ್ತಿ ಹೇಳಿದ. ಗೆಳೆಯನ ಸಾವು ನೋಡಿದ ಮೇಲೆ ಸಾಕು ಅನ್ನಿಸಿತ್ತು. 1959ರ ಜನವರಿ 22ರಂದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಬೈಪಾಸ್‌ನಲ್ಲಿ ತನ್ನ ಜಾಗ್ವಾರ್ 3.4 ಓಡಿಸ್ಕೊಂಡು ಹೋಗ್ತಿದ್ದ. ರೇಸ್ ಟ್ರ್ಯಾಕ್ ಅಲ್ಲ, ಸಾಮಾನ್ಯ ರಸ್ತೆ. ಮಳೆಗೆ ಒದ್ದೆಯಾಗಿತ್ತು. ವೇಗ ಜಾಸ್ತಿ ಇತ್ತು. ಕಾರು ಹಿಡಿತ ತಪ್ಪಿ ಮರಕ್ಕೆ ಬಡಿಯಿತು. ವಿಶ್ವ ಚಾಂಪಿಯನ್ ಆಗಿ ಆಗಷ್ಟೇ ಮೂರು ತಿಂಗಳು ಕಳೆದಿತ್ತು. ವಯಸ್ಸು 29.

ಆ ಅಪಘಾತಕ್ಕೆ ಇದೇ ಕಾರಣ ಅಂತ ಖಚಿತವಾಗಿ ತೀರ್ಮಾನ ಆಗಿಲ್ಲ. ಬ್ರೇಕ್ ಮೇಲೆ ನಾನೂ ಹೊರಿಸಲ್ಲ. ಆದ್ರೆ ಒದ್ದೆ ರಸ್ತೆ ಅನ್ನೋ ಎರಡು ಪದದಲ್ಲಿ ನಮ್ಮ ಪ್ರಶ್ನೆಯ ಇನ್ನೊಂದು ಅರ್ಧ ಇದೆ.

ಬ್ರೇಕ್ ಚಕ್ರವನ್ನ ನಿಲ್ಲಿಸುತ್ತೆ. ಕಾರನ್ನ ನಿಲ್ಲಿಸೋದು ಟೈರು.

ಲೆಕ್ಕ ಹಾಕಿ ನೋಡಿ. ಒಣ ರಸ್ತೆ, ಒಳ್ಳೇ ಟೈರು: 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲೋಕೆ ಸುಮಾರು 44 ಮೀಟರ್. ಅದೇ ಕಾರು, ಅದೇ ಬ್ರೇಕು, ಒದ್ದೆ ರಸ್ತೆಯಲ್ಲಿ ಹಿಡಿತ ಅರ್ಧಕ್ಕೆ ಹತ್ತಿರ ಇಳಿದ್ರೆ ಸುಮಾರು 79 ಮೀಟರ್. ಈ ಲೆಕ್ಕದಲ್ಲಿ ಕ್ಯಾಲಿಪರಿಗೆ ಎಷ್ಟು ಪಿಸ್ಟನ್ ಅನ್ನೋ ಪ್ರಶ್ನೆಯೇ ಬರಲ್ಲ. ಚಕ್ರ ಲಾಕ್ ಆಗೋವರೆಗೆ ಒತ್ತೋ ಶಕ್ತಿ ನಿಮ್ಮ ಬ್ರೇಕಿಗೆ ಈಗಾಗಲೇ ಇದ್ರೆ, ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿ ಒಂದು ಸಲ ನಿಲ್ಲಿಸಿದ್ರೆ ಒಂದು ಅಡಿಯೂ ಉಳಿಯಲ್ಲ.

ಡನ್‌ಲಪ್‌ನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವಿಮಾನದ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಮ್ಯಾಕ್ಸರೆಟ್ ಅನ್ನೋ ಸಾಧನ ಮಾಡಿದ್ರು. 1966ರಲ್ಲಿ ಅದು ಜೆನ್ಸನ್ ಎಫ್‌ಎಫ್ ಅನ್ನೋ ಕಾರಿಗೆ ಬಂತು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ಗೆ. ಇವತ್ತು ನಿಮ್ಮ ಕಾಲಿನ ಕೆಳಗೆ ಗಡಗಡ ಅನ್ನೋದು ಅದರ ಮೊಮ್ಮಗ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದಾಗ ಎಬಿಎಸ್ ಗಡಗಡ ಅಂದ್ರೆ, ನಿಮ್ಮ ಬ್ರೇಕಿನ ಶಕ್ತಿ ಟೈರಿನ ಹಿಡಿತವನ್ನ ಮೀರಿದೆ ಅಂತಾನೇ ಅರ್ಥ.

9/9

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಒಂದೂವರೆ ಲಕ್ಷ ಕೊಡ್ಬೇಕಾ?

ನಾನು ಅವನಿಗೆ ವಾಪಸ್ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಬ್ರೇಕ್ ಸೋತಿದ್ದು ಮೊದಲನೇ ಸಲ ಒತ್ತಿದಾಗಲೋ, ಮೂವತ್ತನೇ ಸಲ ಒತ್ತಿದಾಗಲೋ?"

ಮೊದಲನೇ ಸಲವೇ ಸರಿಯಾಗಿ ಹಿಡೀಲಿಲ್ಲ ಅಂದ್ರೆ ಬ್ರೇಕ್ ಚಿಕ್ಕದು ಅಂತ ಅರ್ಥ ಅಲ್ಲ. ಏನೋ ಕೆಟ್ಟಿದೆ. ಪ್ಯಾಡ್ ಸವೆದಿರಬಹುದು, ಕ್ಯಾಲಿಪರ್ ಹಿಡ್ಕೊಂಡಿರಬಹುದು, ಲೈನಿನಲ್ಲಿ ಗಾಳಿ ಇರಬಹುದು, ಟೈರು ಬೋಳಾಗಿರಬಹುದು. ರಿಪೇರಿ ಮಾಡಿಸ್ಬೇಕು.

ಮೂವತ್ತನೇ ಸಲ ಸೋತ್ರೆ ಅದು ಶಾಖ. ಘಾಟಿಯಲ್ಲಿ ಆಗೋದು ಇದೇ. 1,200 ಕೆಜಿ ಕಾರು 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದ್ರೆ, 100 ಕಿ.ಮೀ. ವೇಗದಿಂದ ಹನ್ನೆರಡು ಹದಿಮೂರು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ. ಅದಕ್ಕೆ ಮೊದಲ ಮದ್ದು ಪುಕ್ಕಟೆ: ಹತ್ತೋ ಗೇರಿನಲ್ಲೇ ಇಳೀರಿ. ಎರಡನೇದು ಸಾವಿರ ರೂಪಾಯಿ ಲೆಕ್ಕ: ಹೊಸ ಬ್ರೇಕ್ ಆಯಿಲ್, ಎರಡು ವರ್ಷಕ್ಕೊಮ್ಮೆ. ಮೂರನೇದು ಇನ್ನೂ ಕೆಲವು ಸಾವಿರ: ಒಳ್ಳೇ ಪ್ಯಾಡು. ಇಲ್ಲೂ ಒಂದು ಎಚ್ಚರ. ಪಕ್ಕಾ ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯಲ್ಲ. ಬೆಳಿಗ್ಗೆ ಮನೆ ಮುಂದಿನ ರಸ್ತೆಯಲ್ಲಿ ಮಗು ಅಡ್ಡ ಬಂದ್ರೆ ನಿಮಗೆ ಬೇಕಾಗಿರೋದು ತಣ್ಣಗಿದ್ರೂ ಹಿಡಿಯೋ ಪ್ಯಾಡು. ನಾಲ್ಕನೇದು ಟೈರು. ಒಂದೂವರೆ ಲಕ್ಷದ ಚಿಕ್ಕ ಭಾಗದಲ್ಲೇ ಇಷ್ಟೂ ಬರುತ್ತೆ. ಒಂದೇ ಸಲ ನಿಲ್ಲೋ ದೂರವನ್ನ ನಿಜವಾಗಿ ಕಡಿಮೆ ಮಾಡೋದು ಟೈರೇ.

ಹಾಗಾದ್ರೆ ದೊಡ್ಡ ಕಿಟ್ ದಂಡವಾ? ಅಲ್ಲ. ಟ್ರ್ಯಾಕಿಗೆ ಹೋಗ್ತೀರಿ, ಸುತ್ತಿನ ಮೇಲೆ ಸುತ್ತು ಹಾಕ್ತೀರಿ, ಹೊಸ ಆಯಿಲ್, ಒಳ್ಳೇ ಪ್ಯಾಡ್ ಎರಡೂ ಹಾಕಿದ ಮೇಲೂ ಅರ್ಧಕ್ಕೇ ಪೆಡಲ್ ಮೆತ್ತಗಾಗ್ತಿದೆ ಅಂದ್ರೆ ನೀವು 1953ರ ಜಾಗ್ವಾರ್ ಇದ್ದ ಜಾಗದಲ್ಲಿದ್ದೀರಿ. ಆಗ ದೊಡ್ಡ ಡಿಸ್ಕ್ ಕೊಟ್ಟ ದುಡ್ಡಿಗೆ ಸರಿ. ಆದ್ರೂ ಮುಂದೆ ಮಾತ್ರ ದೊಡ್ಡದು ಹಾಕಿದ್ರೆ ಮುಂದೆ ಹಿಂದೆ ಇರೋ ಬ್ರೇಕಿನ ಲೆಕ್ಕ ತಪ್ಪುತ್ತೆ ಅನ್ನೋದನ್ನ ಗೊತ್ತಿರೋರ ಹತ್ರ ಕೇಳೇ ಹಾಕಿಸಿ. ಇಲ್ಲದಿದ್ರೆ ಅದು 1952ರ ಉದ್ದ ಮೂತಿ ಆಗುತ್ತೆ.

ಗೆಳೆಯ ಸ್ವಲ್ಪ ಹೊತ್ತು ಬಿಟ್ಟು ಬರೆದ: "ಮೂವತ್ತನೇ ಸಲ ಕಣೋ. ಇಳೀತಾ ಇಳೀತಾ ಮೆತ್ತಗಾಯ್ತು."

"ಆಯಿಲ್ ಯಾವಾಗ ಬದಲಿಸಿದ್ರಿ?"

ಮೂರು ಚುಕ್ಕಿ ಓಡಿದ್ವು. ನಿಂತ್ವು. ಮತ್ತೆ ಓಡಿದ್ವು.

"ಕಾರು ತಗೊಂಡಾಗಿಂದ ಇಲ್ಲ."

ಮೊನ್ನೆ ಭಾನುವಾರ ಗ್ಯಾರೇಜಿಗೆ ಹೋಗಿದ್ರಂತೆ. ಹೊಸ ಆಯಿಲ್, ಹೊಸ ಪ್ಯಾಡ್. ಹಿಂದಿನ ಎರಡು ಟೈರು ಮುಂದಿನ ತಿಂಗಳು. ಇಂಟರ್ನ್‌ಶಿಪ್ ದುಡ್ಡು ಇನ್ನೂ ಅವನ ಅಕೌಂಟಿನಲ್ಲೇ ಇದೆ. ಕೆಂಪು ಕ್ಯಾಲಿಪರಿನ ಆಸೆ ಮಾತ್ರ ಹೋಗಿಲ್ಲ, "ಪೇಂಟ್ ಹೊಡಿಸ್ಲಾ?" ಅಂತ ಕೇಳ್ತಿದ್ದಾನೆ. ಹೊಡಿಸ್ಕೊಳ್ಳಲಿ ಬಿಡಿ.

ನೀವೂ ಈ ವಾರ ಮನೆಯ ಗಾಡಿಯ ಮುಚ್ಚಳ ತೆಗೆದು ಬ್ರೇಕ್ ಆಯಿಲ್ ಬಣ್ಣ ನೋಡಿ. ಅಪ್ಪನ ಸ್ಕೂಟರ್ ಆದ್ರೂ ಸರಿ. ಡಿಕಾಕ್ಷನ್ ಥರ ಇದ್ರೆ ಕಮೆಂಟಿನಲ್ಲಿ "ಡಿಕಾಕ್ಷನ್" ಅಂತ ಬರೀರಿ, ಎಷ್ಟು ಜನ ಇದ್ದೀವಿ ನೋಡೋಣ. ಘಾಟಿ ಕಡೆ ಟ್ರಿಪ್ ಪ್ಲಾನ್ ಮಾಡ್ತಿರೋ ಗೆಳೆಯರಿಗೆ ಹೊರಡೋ ಮುಂಚೆ ಇದನ್ನ ಕಳಿಸಿ.

#ಗಾಡಿಇತಿಹಾಸ #ಬ್ರೇಕ್‌ಕಥೆ #ಘಾಟಿಯಲ್ಲಿಗೇರ್ಇಳಿಸಿ #ಕನ್ನಡದಲ್ಲಿಓದಿ